ಸುಖೀ ಸಂಸಾರದ ಮಾದರಿ ಕರೆ

ಮಾರ್ಚ್ ೩, ಸೋಮವಾರ

ಇಂದಿನಿಂದ ನಾನು ಸಂಬಳ ಪಡೆಯುವ ಸುಳ್ಳುಗಾರ್ತಿ. ಭವಿಷ್ಯದ ಇತಿಹಾಸಕಾರರ ಅನುಕೂಲಕ್ಕಾಗಿ ಈ ಸಂಗತಿಯನ್ನು ಇಲ್ಲಿ ವಿಧಿವತ್ತಾಗಿ ದಾಖಲಿಸುತ್ತಿದ್ದೇನೆ. ಶಾಲೆಯಲ್ಲಿ ಹೆಡ್‌ಮಾಸ್ಟರರ ಧ್ವನಿಯಲ್ಲಿ ರಜೆ ಘೋಷಿಸಿದಾಗ ಬೆಂಚಿನ ಮೇಲೆ ನಿಲ್ಲಿಸಿದರು. ಪಕ್ಕದ ಮನೆಯಾಕೆಯ ಧ್ವನಿಯಲ್ಲಿ ಆಕೆಯ ಗಂಡನನ್ನೇ ಕೂಗಿ ಕರೆದಾಗ ಅಮ್ಮ ಮಾತು ಬಿಟ್ಟಳು. ಅದೇ ವಿದ್ಯೆಗೆ ಈಗ ಕುರ್ಚಿ, ಫ್ಯಾನು ಮತ್ತು ಕುತ್ತಿಗೆಗೆ ಗುರುತಿನ ಚೀಟಿ.

ಕಚೇರಿ ಬೀಗದ ಕೈ ಮಾಡುವ ಅಂಗಡಿಯ ಮೇಲ್ಮಹಡಿಯಲ್ಲಿದೆ. ಮನೆಯಲ್ಲಿ ಏಟು, ಬೆದರಿಕೆಗಳಿಗೆ ಸಿಕ್ಕ ಹೆಂಗಸರು ಕರೆ ಮಾಡುವ ಸಹಾಯವಾಣಿ. ಅಲ್ಲಿಗೆ ಹೊಸದಾಗಿ ಒಂದು ಕೃತಕ ಬುದ್ಧಿ ಬಂದಿದೆ. ಕರೆ ಮಾಡಿದವಳ ಮಾತು ಕೇಳಿ, ನಡುನಡುವೆ ಪ್ರಶ್ನೆ ಹಾಕಿ, ಆ ಮನೆಯಲ್ಲಿ ಅಪಾಯ ಎಷ್ಟೆಂದು ಬಣ್ಣದಲ್ಲಿ ಹೇಳುತ್ತದೆ. ಹಸಿರು ಎಂದರೆ ಸಾವಕಾಶವಾಗಿ ನೋಡೋಣ. ಹಳದಿ ಎಂದರೆ ಇವತ್ತೇ ಮಾತಾಡಿ. ಕೆಂಪು ಎಂದರೆ ಈಗಲೇ ಎದ್ದು ಹೊರಡಿ. ನಿಜವಾದ ಕರೆಗಳ ಮುಂದೆ ಕೂರಿಸುವ ಮೊದಲು ಅದನ್ನು ಸುಳ್ಳು ಕರೆಗಳಿಂದ ಪರೀಕ್ಷಿಸಬೇಕಂತೆ. ಸುಳ್ಳು ಹೆಂಡತಿಯರ ಪಾತ್ರಗಳೆಲ್ಲ ನನ್ನವು.

ಆ ಬುದ್ಧಿಗೆ ಮಾಪಕಾಚಾರ್ಯರು ಎಂದು ನಾಮಕರಣ ಮಾಡಿದ್ದೇನೆ. ಅದನ್ನು ಹಡೆದ ಇಂಜಿನಿಯರ್ ಯಂತ್ರಪಿತ. ಕೂಸಿಗೆ ದೃಷ್ಟಿ ತಗಲೀತೆಂಬಂತೆ ಪರದೆಯ ಮುಂದೆಯೇ ಕೂತಿರುತ್ತಾನೆ. ಮೂರನೆಯವರು ಹಿರಿಯ ಸಲಹೆಗಾರ್ತಿ. ಒಂದು ವಾಕ್ಯ ಶುರು ಮಾಡಿ ಮುಗಿಸುವುದರೊಳಗೆ ನಾವು ಟೀ ಕುಡಿದು ಲೋಟ ತೊಳೆದಿಡಬಹುದು. ಆದ್ದರಿಂದ ನಿಧಾನಮ್ಮ.

ಅಮ್ಮನಿಗೆ ಹೇಳಿದೆ. "ಸುಳ್ಳು ಹೇಳೋಕೂ ಸಂಬಳವಾ?" ಎಂದಳು. "ಕಾಲ ಕೆಟ್ಟಿದೆ" ಎಂದು ನಿಧಾನಮ್ಮನ ಧ್ವನಿಯಲ್ಲಿ ಸಂತಾಪ ಸೂಚಿಸಿದೆ.

ಮಾರ್ಚ್ ೫, ಬುಧವಾರ

ಆಚಾರ್ಯರ ಜೊತೆ ಮೊದಲ ಮುಖಾಮುಖಿ. ನನ್ನನ್ನು ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸುತ್ತಾರೆ. ಗೋಡೆಗೆಲ್ಲ ಮೊಟ್ಟೆ ಇಡುವ ತಟ್ಟೆಯಂಥ ಸ್ಪಂಜು. ಒಳಗೆ ಕೂತರೆ ನಾನೇ ಯಾರೋ ಇಟ್ಟು ಮರೆತ ಮೊಟ್ಟೆ ಎನ್ನಿಸುತ್ತದೆ.

ಬರೆದುಕೊಟ್ಟ ಕರೆಗಳನ್ನೆಲ್ಲ ಆಚಾರ್ಯರು ಸರಿಯಾಗಿ ಗುರುತಿಸಿದರು. ಕೊನೆಗೆ ನನ್ನ ಸ್ವಂತದ್ದೊಂದು ಕೊಟ್ಟೆ. ನಡುಗುವ ಧ್ವನಿಯಲ್ಲಿ, "ನಮ್ಮೆಜಮಾನ್ರು ದಿನಾ ಸಂಜೆ ನನ್ನ ರಾಣೀನ ಕೊಲ್ತಾರೆ. ನಿನ್ನೆ ಎರಡು ಆನೆ, ಒಂದು ಕುದುರೆನೂ ಹೋಯ್ತು" ಎಂದೆ. ಕೆಂಪು. ಆಚಾರ್ಯರು ಗಾಬರಿಬಿದ್ದು, "ನೀವು ಈಗ ಸುರಕ್ಷಿತ ಸ್ಥಳದಲ್ಲಿದ್ದೀರಾ?" ಎಂದು ಕೇಳಿದರು. "ನನ್ನ ರಾಜ ಮೂಲೆಗೆ ಸಿಕ್ಕಿದ್ದಾನೆ" ಎಂದು ಬಿಕ್ಕಿದೆ.

ಯಂತ್ರಪಿತನ ಮುಖ ಇಳಿಯಿತು. "ಚದುರಂಗ ಅಂತ ಯಾರು ಯೋಚಿಸ್ತಾರೆ?" ಎಂದ.

ನಿಧಾನಮ್ಮ ನಕ್ಕರು, ಅದೂ ನಿಧಾನವಾಗಿ. ಆಮೇಲೆ, "ಆಟ ಸೋತ ದಿನ ಆ ಮನುಷ್ಯ ಏನು ಮಾಡ್ತಾನೆ ಅಂತ ಅದು ಕೇಳಲೇ ಇಲ್ಲ ನೋಡು" ಎಂದರು. ಇವರ ಮುಂದೆ ಒಂದು ಜೋಕು ಹೇಳಿದರೂ ಅದಕ್ಕೊಂದು ಅಡಿಟಿಪ್ಪಣಿ ಅಂಟಿಸಿ ವಾಪಸು ಕೊಡುತ್ತಾರೆ.

ಮಾರ್ಚ್ ೮, ಶನಿವಾರ

ಅಕ್ಕ ಫೋನ್ ಮಾಡಿದ್ದಳು. ಗಂಟಲು ಕೆಟ್ಟಿದೆ, ಮರಳು ಕಾಗದದಿಂದ ಉಜ್ಜಿದ ಹಾಗೆ. "ಶೀತ ಕಣೇ ಗಿಣಿ" ಎಂದಳು. ನಾನು ಎಲ್ಲರ ಮಾತು ಅನುಕರಿಸುವುದರಿಂದ ಅವಳಿಗೆ ಗಿಣಿ.

ಹಿಂದಿನಿಂದ ಭಾವನವರು, "ನಿಮ್ಮಕ್ಕನ ಬಾಯಿಗೆ ಸ್ವಲ್ಪ ರಜೆ ಕೊಟ್ಟಿದ್ದೀವಿ, ಕಚೇರಿ ಮೇಡಂ" ಎಂದರು. ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ. ಅವರ ಮನೆಯಲ್ಲಿ ಗುಟ್ಟಿಲ್ಲ. ಯಾರು ಕರೆ ಮಾಡಿದರೂ ಇಬ್ಬರೂ ಸಿಗುತ್ತಾರೆ. ನಮ್ಮ ಕುಟುಂಬದಲ್ಲಿ ನನಗೆ ಸರಿಸಾಟಿಯಾಗಿ ತಮಾಷೆ ಮಾಡುವವರು ಭಾವನವರೊಬ್ಬರೇ ಎಂಬುದನ್ನು ಪ್ರತಿಸ್ಪರ್ಧಿಯಾಗಿಯೂ ಒಪ್ಪಿಕೊಳ್ಳಬೇಕು.

ಅಕ್ಕ ಮೊದಲು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಳು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಊರಿನ ಅರ್ಧ ಜನರ ಪ್ರಾಣ ಉಳಿಸಿದವಳು. ಈಗ ಅವಳನ್ನು ಎಲ್ಲಿಗೂ ಭಾವನವರೇ ಕರೆದೊಯ್ದು ಕರೆತರುತ್ತಾರೆ. "ಸಾರಥಿ ಸಮೇತ ರಥ ಸಿಕ್ಕಿರೋವಾಗ ನಾನ್ಯಾಕೆ ಗೇರ್ ಹಾಕಲಿ?" ಎನ್ನುತ್ತಾಳೆ. ರಾಜಮರ್ಯಾದೆ.

ಫೋನಿಟ್ಟ ಮೇಲೆ ಆ ಗಂಟಲನ್ನು ಅಭ್ಯಾಸ ಮಾಡಿದೆ. ನುಂಗುವಾಗ ಸಣ್ಣದೊಂದು ತಡೆ, ಆಮೇಲೆ ನಗು. ಅಡುಗೆಮನೆಯ ಬಾಗಿಲ ಹಿಂದೆ ನಿಂತು, "ಅಮ್ಮಾ, ಬಂದಿದೀನಿ" ಎಂದೆ. ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ನನ್ನನ್ನು ಕಂಡು, "ನಿನ್ನ ನಾಲಿಗೆ ಸೇದಿಹೋಗ" ಎಂದಳು. ಕಲಾವಿದೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ.

ಮಾರ್ಚ್ ೧೨, ಬುಧವಾರ

ಯಂತ್ರಪಿತ ಹೊಸ ಆಜ್ಞೆ ಹೊರಡಿಸಿದ. ಅಪಾಯದ ಕರೆಗಳು ಸಾಕು. ಏನೂ ತೊಂದರೆಯಿಲ್ಲದ ಮನೆಗಳೂ ಬೇಕು, ಇಲ್ಲವಾದರೆ ಆಚಾರ್ಯರು ಕಂಡವರ ಮನೆಯಲ್ಲೆಲ್ಲ ಕೆಂಪು ಕಾಣುತ್ತಾರೆ. "ನಿನಗೆ ಗೊತ್ತಿರೋ ಅತಿ ಸುಖೀ ಸಂಸಾರ ಯಾವುದೋ ಅದನ್ನ ಮಾಡು. ಸುಮ್ಮನೆ ಸಂಸಾರದ ಮಾತು."

ಒಂದು ಕ್ಷಣವೂ ಯೋಚಿಸಲಿಲ್ಲ. ಅಕ್ಕನ ಮನೆ.

ಗಂಟಲು ಸಮೇತ ಅಕ್ಕನಾಗಿ ಕೂತೆ. ಮಾತೂ ಅವಳದೇ, ಹಿಂದಿನ ತಿಂಗಳುಗಳಲ್ಲಿ ಅವಳೇ ಹೇಳಿ ನಗಿಸಿದ್ದು: "ನಮ್ಮೆಜಮಾನ್ರಿಗೆ ನನ್ನ ಫೋನ್ ಮೇಲೆ ಎಷ್ಟು ಪ್ರೀತಿ ಅಂದ್ರೆ ಅದನ್ನ ತಮ್ಮ ದಿಂಬಿನಡಿ ಮಲಗಿಸ್ತಾರೆ. ನಾನು ಅಂಗಡಿಗೆ ಹೋದ್ರೆ ಬಾಗಿಲಲ್ಲೇ ಕಾಯ್ತಾರೆ, ಹಾಲು ತರೋಕೂ ಅಂಗರಕ್ಷಕ. ಯಾರ ಪಕ್ಕನೋ ಕೂತು ಕಾರು ಕಲಿಸೋದು ಬೇಡ ಅಂದ್ರು, ಬಿಟ್ಟೆ, ಸೋಮಾರಿಗೆ ಇನ್ನೇನು ಬೇಕು. ಬಿಟ್ಟು ಹೋದ್ರೆ ನೀನೂ ಇರಲ್ಲ ನಾನೂ ಇರಲ್ಲ ಅಂತಾರೆ. ಪ್ರೇಮಿಗಳ ಕಥೆ ನಮ್ಮದು." ಪ್ರತಿ ವಾಕ್ಯದ ಕೊನೆಗೂ ಅಕ್ಕನ ಗಲಗಲ ನಗು.

ಆಚಾರ್ಯರು ಒಂದೆರಡು ಸಲ, "ಧ್ವನಿ ಸ್ಪಷ್ಟವಾಗಿಲ್ಲ, ದಯವಿಟ್ಟು ಮತ್ತೆ ಹೇಳಿ" ಎಂದರು. ಕೊನೆಗೆ ಹಸಿರು, ಎಳೆ ಹುಲ್ಲಿನಂಥ ಹಸಿರು. ಯಂತ್ರಪಿತ ಮೇಜು ತಟ್ಟಿದ. ಕಡತಕ್ಕೆ 'ಸುಖೀ ಸಂಸಾರ, ಮಾದರಿ ಕರೆ' ಎಂದು ಹೆಸರಿಟ್ಟ. ಅಕ್ಕನಿಗೆ ಹೇಳಿದರೆ ಬೀಗುತ್ತಾಳೆ.

ಮಾರ್ಚ್ ೧೩, ಗುರುವಾರ

ನಿಧಾನಮ್ಮ ಮಾದರಿ ಕರೆಯನ್ನು ಕೇಳಿದರು. ಮತ್ತೆ ಕೇಳಿದರು. ಹೆಡ್‌ಫೋನ್ ತೆಗೆದು, "ಈ ಹುಡುಗಿ ಯಾರು?" ಎಂದರು.

"ಕಾಲ್ಪನಿಕ" ಎಂದೆ.

"ಗಂಟಲಿಗೇನಾಗಿದೆ ಇವಳಿಗೆ?"

"ಶೀತ."

"ಶೀತ ಅಂದ್ರೆ ಮೂಗು ಕಟ್ಟಬೇಕಲ್ಲ. ಇವಳ ಮ, ನ ಅಕ್ಷರ ಎಲ್ಲ ಸ್ವಚ್ಛವಾಗಿವೆ. ನೀನು ಅದನ್ನ ಮರೆತಿರಬೇಕು."

ಇದು ನನ್ನ ವೃತ್ತಿಗೌರವದ ಪ್ರಶ್ನೆ. ಸೌಟು ಹಿಡಿದು ಓಡಿಬಂದ ಅಮ್ಮನ ಸಾಕ್ಷ್ಯ ಇರುವಾಗ ನನ್ನ ನಕಲಿನಲ್ಲಿ ತಪ್ಪು ಹುಡುಕುವುದೆಂದರೇನು? "ನಾನೇನೂ ಮರೆತಿಲ್ಲ ಮೇಡಂ. ಅಕ್ಕನ ಮೂಗು ಕಟ್ಟಿರಲೇ ಇಲ್ಲ. ಗಂಟಲು ಮಾತ್ರ. ನುಂಗುವಾಗ ತಡೀತಿತ್ತು, ಅದನ್ನೂ ಹಾಗೇ ಹಾಕಿದೀನಿ" ಎಂದೆ.

ನಿಧಾನಮ್ಮ ಹೆಡ್‌ಫೋನಿನ ತಂತಿಯನ್ನು ಸಾವಕಾಶವಾಗಿ ಸುತ್ತಿಟ್ಟರು. ಅವರಿಗದು ಮಾಮೂಲು. ಆಮೇಲೆ, "ನಾಳೆ ಇದನ್ನೇ ಇನ್ನೊಂದು ಸಲ ಓದು. ಒಂದಕ್ಷರ ಬದಲಾಯಿಸಬೇಡ. ನಗು ಮಾತ್ರ ಬೇಡ" ಎಂದರು.

ಸುಖೀ ಸಂಸಾರ ಕಂಡರೆ ಇವರಿಗೆ ಆಗುವುದಿಲ್ಲವೋ ಏನೋ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತರೆ ಯಾರಿಗಾದರೂ ಹಾಗಾದೀತು.

ಮಾರ್ಚ್ ೧೪, ಶುಕ್ರವಾರ

ನಗದೆ ಓದಿದೆ.

ಅಷ್ಟು ಕಷ್ಟವೆಂದು ತಿಳಿದಿರಲಿಲ್ಲ. 'ಪ್ರೇಮಿಗಳ ಕಥೆ ನಮ್ಮದು' ಎಂಬಲ್ಲಿಗೆ ಬಂದಾಗ ನಗು ತಾನಾಗಿಯೇ ಬರಬೇಕು, ತಡೆದೆ. ಮೊದಲ ವಾಕ್ಯಕ್ಕೇ ಹಳದಿ. ಯಂತ್ರಪಿತನಿಗೆ ಹಬ್ಬವೂ ಸೂತಕವೂ ಒಟ್ಟಿಗೇ ಬಂದವು. ಅವನ ಕೂಸು ನಗುವ ಹೆಂಗಸರನ್ನೆಲ್ಲ ಕ್ಷೇಮವಾಗಿದ್ದಾರೆಂದು ತಿಳಿಯುತ್ತಿತ್ತು. ಒಂದು ದೊಡ್ಡ ದೋಷ ಸಿಕ್ಕಿತು. "ನೀನು ಬಂಗಾರ ಕಣಮ್ಮ" ಎಂದ. ನಾನು ತಲೆಬಾಗಿ ಸ್ವೀಕರಿಸಿದೆ.

ಆಮೇಲೆ ಆಚಾರ್ಯರು ತಾವಾಗಿಯೇ ಒಂದು ಪ್ರಶ್ನೆ ಕೇಳಿದರು: "ಅವರು ಯಾವಾಗಲಾದರೂ ನಿಮ್ಮ ಕುತ್ತಿಗೆಯನ್ನು ಅದುಮಿದ್ದಾರೆಯೇ?"

ಬರೆದುಕೊಂಡ ಮಾತಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಬರೆಯದ್ದನ್ನು ಹುಟ್ಟಿಸುವುದೇ ನನ್ನ ಕಸುಬು. ರಾಣಿ, ಆನೆ, ಕುದುರೆ ಯಾವುದಾದರೂ ಬರಬೇಕಿತ್ತು. ಬಾಯಿ ತೆರೆದೆ. ಅಕ್ಕನ ಗಂಟಲು ನನ್ನ ಗಂಟಲಲ್ಲೇ ಇತ್ತು. ನುಂಗಿದೆ. ತಡೆಯಿತು.

"ನಿಮಗೆ ಸಮಯ ಬೇಕಿದ್ದರೆ ಪರವಾಗಿಲ್ಲ, ನಾನು ಕಾಯುತ್ತೇನೆ" ಎಂದಿತು ಯಂತ್ರ.

ಸ್ಪಂಜಿನ ಕೋಣೆಯಲ್ಲಿ ಗಾಳಿ ಕಡಿಮೆ. ಹೊರಗೆ ಬಂದೆ.

ಮಾರ್ಚ್ ೧೬, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಅಮ್ಮ, "ಎಲ್ಲಿ, ಅಕ್ಕನ ಥರ ಮಾತಾಡು" ಎಂದಳು. ಗಂಟಲು ನೋವು ಎಂದೆ.

ಮಾರ್ಚ್ ೧೭, ಸೋಮವಾರ

ನಿಧಾನಮ್ಮನಿಗೆ ಅದು ಯಾರ ಮನೆಯೆಂದು ಹೇಳಿದೆ. ಅವರು ಆಶ್ಚರ್ಯಪಡುವ ಶ್ರಮ ತೆಗೆದುಕೊಳ್ಳಲಿಲ್ಲ. ಗುರುವಾರ ನಾನೇ 'ಅಕ್ಕ' ಎಂದು ಬಾಯಿಬಿಟ್ಟಿದ್ದೆನಂತೆ.

"ಯಂತ್ರ ಹೇಳಿದ್ದು ನಿಜಾನಾ ಮೇಡಂ?"

"ಯಂತ್ರಕ್ಕೆ ನಿಮ್ಮಕ್ಕನ ಮನೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿರೋಳು ಅವಳೊಬ್ಬಳು, ಅವಳನ್ನ ಯಾರೂ ಕೇಳಿಲ್ಲ. ಆದರೆ ಕುತ್ತಿಗೆ ಅದುಮೋ ಕೈ ಇನ್ನೊಂದು ದಿನ ಬಿಡದೇನೂ ಇರಬಹುದು. ಅದಕ್ಕೇ ತಡ ಮಾಡಬಾರದು."

ಫೋನಿನಲ್ಲಿ ಕೇಳಬಾರದು. ಭಾವನಿಗೆ ಸುಳಿವು ಸಿಗಬಾರದು. ಅವನ ಕಿವಿ ತಲುಪದ ಜಾಗದಲ್ಲಿ ಕೇಳಬೇಕು. ಬಿಟ್ಟು ಬಾ ಎಂದು ಎಳೆಯಬಾರದು, ನಿರ್ಧಾರ ಅವಳದು. "ಕೇಳು. ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೋ. ಎರಡನೇದು ನಿನಗೆ ಕಷ್ಟ" ಎಂದರು.

ಅವನ ಕಿವಿ ತಲುಪದ ಜಾಗ. ಇಡೀ ಊರನ್ನು ಮನಸ್ಸಿನಲ್ಲೇ ಸುತ್ತಿದೆ. ಅಂಥದ್ದೊಂದು ಸುಲಭಕ್ಕೆ ಸಿಗಲಿಲ್ಲ.

ಮಾರ್ಚ್ ೨೨, ಶನಿವಾರ

ಬಟ್ಟೆ ಅಂಗಡಿಯ ಟ್ರಯಲ್ ರೂಮು. ಇದನ್ನು ಕಂಡುಹಿಡಿದದ್ದಕ್ಕೆ ನನಗೆ ಶಾಲು ಹೊದಿಸಬೇಕು.

"ಕಚೇರಿಗೆ ಒಳ್ಳೆ ಬಟ್ಟೆ ಬೇಕು, ಅಕ್ಕನ ಆಯ್ಕೆ ಇಲ್ಲದೆ ನಾನು ಜೋಕರ್ ಥರ ಕಾಣ್ತೀನಿ" ಎಂದು ಭಾವನಲ್ಲಿ ವಿನಂತಿಸಿದೆ. "ಆಯ್ಕೆ ಮಾಡಿದ್ರೂ ಹಾಗೇ ಕಾಣ್ತೀಯ" ಎಂದು ಒಪ್ಪಿ, ತಾನೇ ಕಾರಿನಲ್ಲಿ ಕರೆದೊಯ್ದ. ಹೆಂಗಸರ ಟ್ರಯಲ್ ರೂಮುಗಳು ಒಂದು ಓಣಿಯಲ್ಲಿವೆ. ಓಣಿಯ ಬಾಯಿಗೆ ಪರದೆ, ಗಂಡಸರು ಅಲ್ಲಿಂದ ಈಚೆಗೆ ಬರುವಂತಿಲ್ಲ. ಓಣಿಯ ಕೊನೆಗೆ ಅಳತೆ ಸರಿಮಾಡುವ ಹೊಲಿಗೆಯಾಕೆಯ ಕೋಣೆ. ಭಾವ ಪರದೆಯ ಹೊರಗಿನ ಬೆಂಚಿನಲ್ಲಿ ಅಕ್ಕನ ಕೈಚೀಲ, ಅಕ್ಕನ ಫೋನು ಹಿಡಿದು ಕೂತ.

ಕೊನೆಯ ರೂಮಿಗೆ ಹೋಗಿ ಚಿಲಕ ಹಾಕಿದೆ. ಮೂರು ಕಡೆ ಕನ್ನಡಿ, ನಡುವೆ ನಾವಿಬ್ಬರು.

"ಭಾವ ನಿನ್ನ ಕುತ್ತಿಗೆ ಅದುಮಿದಾರಾ?" ಎಂದೆ.

ಅಕ್ಕ ನಕ್ಕಳು. "ಏನೇ ಗಿಣಿ, ಕಚೇರಿ ಮಾತೆಲ್ಲ ನನ್ನ ಹತ್ರ ಪ್ರಯೋಗ ಮಾಡ್ತಿದೀಯಾ? ಆ ಕೈ ಬ್ಲೌಸ್ ಹುಕ್ ಹಾಕೋಕೇ ನಡುಗತ್ತೆ, ಕುತ್ತಿಗೆ ಎಲ್ಲಿ ಅದುಮತ್ತೆ."

ಬಾಯಿ ಮುಚ್ಚಿಕೊಂಡು ಕೂತೆ. ಅವಳು ಇನ್ನೊಂದು ಜೋಕು ಹೇಳಿದಳು, ಮತ್ತೊಂದು ಹೇಳಿದಳು. ಚೆನ್ನಾಗಿಯೇ ಇದ್ದವು, ಬೇರೆ ದಿನವಾಗಿದ್ದರೆ ಕದ್ದು ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ನಾನು ಸಣ್ಣ ದನಿಯಲ್ಲಿ, ಅವಳದೇ ಗಂಟಲಿನಲ್ಲಿ, ಅವಳದೇ ಮಾತು ಹೇಳಿದೆ. ಫೋನನ್ನು ದಿಂಬಿನಡಿ ಮಲಗಿಸುತ್ತಾರೆ. ಹಾಲು ತರೋಕೂ ಅಂಗರಕ್ಷಕ. ಬಿಟ್ಟು ಹೋದ್ರೆ ನೀನೂ ಇರಲ್ಲ ನಾನೂ ಇರಲ್ಲ. ಒಂದಕ್ಷರ ಬದಲಾಯಿಸಲಿಲ್ಲ. ನಗಲಿಲ್ಲ.

ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು.

"ನಾನು ಹಾಗೆ ಮಾತಾಡ್ತೀನಾ?"

"ನಗೋದೊಂದು ತೆಗೆದಿದೀನಿ."

ಸ್ಟೂಲಿನ ಮೇಲೆ ಕೂತಳು. ಹ್ಯಾಂಗರಿನ ಕೊಕ್ಕೆಯನ್ನು ತಿರುಗಿಸುತ್ತ ಕೂತಳು. "ಮೊದಲ ಸಲ ತಮಾಷೆ ಅಂದ. ಈ ಸಲ ತಮಾಷೆ ಅಂತನೂ ಅನ್ನಲಿಲ್ಲ. ಕಣ್ಣೆಲ್ಲ ಕತ್ತಲೆ ಬಂತು. ಎದ್ದಾಗ ಟೀ ಮಾಡಿಕೊಟ್ಟ."

ಹೊರಗಿನಿಂದ, "ಏನ್ರಮ್ಮಾ, ಅಂಗಡೀನೇ ಹಾಕ್ಕೊಂಡು ನೋಡ್ತಿದೀರಾ?" ಎಂದು ಅವನ ಧ್ವನಿ.

"ನಿಮ್ಮ ನಾದಿನಿಗೆ ಸೊಂಟಾನೇ ಇಲ್ಲ ಕಣ್ರೀ, ಎಲ್ಲಾ ಜಾರ್ತಿದೆ" ಎಂದು ಅಕ್ಕ ಕೂಗಿದಳು, ಗಲಗಲ ನಗುತ್ತ. ಇಷ್ಟು ಹತ್ತಿರದಿಂದ ಆ ನಗುವನ್ನು ನಾನು ಎಂದೂ ನೋಡಿರಲಿಲ್ಲ. ಕಣ್ಣು ಅದರಲ್ಲಿ ಸೇರಿರಲಿಲ್ಲ.

ನಂತರ ನನ್ನ ಕಡೆ ತಿರುಗಿ ಕೇಳಿದಳು: "ನಿಮ್ಮ ಮೇಡಂ ಏನಂತಾರೆ?"

ಹೇಳಿದೆ. ಮತ್ತೆ ಬರಲು ಒಂದು ನೆಪ ಬೇಕು ಎಂದಳು ಅಕ್ಕ; ಸೊಂಟ ಕಿರಿದು ಮಾಡಲು ಬಟ್ಟೆಯನ್ನು ಹೊಲಿಗೆಯಾಕೆಗೆ ಕೊಟ್ಟೆವು. ಮುಂದಿನ ಶನಿವಾರ ಬಂದು ಹಾಕಿ ನೋಡಬೇಕು.

ಮಾರ್ಚ್ ೨೪, ಸೋಮವಾರ

ನಿಧಾನಮ್ಮ ಇವತ್ತು ಬೇಗ ಬೇಗ ಮಾತಾಡಿದರು. ಅವರಿಗೂ ಬರುತ್ತದೆ.

ಯಂತ್ರಪಿತ ನಗುವಿನ ದೋಷ ತಿದ್ದುತ್ತಿದ್ದಾನೆ. ಕುತ್ತಿಗೆಯ ಪ್ರಶ್ನೆಯನ್ನು ಎಲ್ಲರಿಗೂ, ನಗುವವರಿಗೂ ಕೇಳುವಂತೆ ಮಾಡುತ್ತಾನಂತೆ. "ಮಾದರಿ ಕರೆಗೆ ಯಾವ ಬಣ್ಣ ಅಂತ ಬರೆಯಲಿ?" ಎಂದ. ಹೇಳಿದೆ. ಮರುಮಾತಾಡದೆ ತಿದ್ದಿದ. ಯಾಕೆ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಮಾರ್ಚ್ ೨೯, ಶನಿವಾರ

ಇವತ್ತು ಅಕ್ಷರ ಸೊಟ್ಟ ಬಂದರೆ ಇತಿಹಾಸಕಾರರು ಕ್ಷಮಿಸಬೇಕು.

ಅಕ್ಕ ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಬಂದಿದ್ದಳು. ಕೈಚೀಲ ಅವನ ಕೈಯಲ್ಲಿರುತ್ತದೆಂದು ಅವಳಿಗೆ ಗೊತ್ತು. "ನಿಮ್ಮಕ್ಕ ಊದ್ತಿದಾಳೆ, ಬಾಗಿಲು ಅಗಲ ಮಾಡಿಸಬೇಕು" ಎಂದ ಅವನು. ನಾವಿಬ್ಬರೂ ನಕ್ಕೆವು. ಅವನು ಬೆಂಚಿನಲ್ಲಿ ಕೂತ. ಪಕ್ಕದ ಕೌಂಟರಿನಲ್ಲಿ ಸಾದಾ ಬಟ್ಟೆಯ ಇಬ್ಬರು ಪೊಲೀಸ್ ಹೆಂಗಸರು ಒಂದೇ ಟವೆಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಟನೆ ತೀರಾ ಸಾಧಾರಣ. ಎಲ್ಲ ನಿಧಾನಮ್ಮನ ಏರ್ಪಾಡು.

ಹೊಲಿಗೆಯಾಕೆಯ ಕೋಣೆಯಿಂದ ಹಿಂದಿನ ಬೀದಿಗೆ ಒಂದು ಬಾಗಿಲಿದೆ. ಅಲ್ಲಿ ನಿಧಾನಮ್ಮ ಕಾರಿನಲ್ಲಿ ಕಾಯುತ್ತಿದ್ದರು. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಓಣಿಯಲ್ಲಿ ನಡೆದಳು. ತಿರುಗಿ ನೋಡಲಿಲ್ಲ. ನಾನು ರೂಮಿನ ಚಿಲಕ ಹಾಕಿಕೊಂಡೆ.

ಈಗ ಕನ್ನಡಿಯಲ್ಲಿ ನಾನೊಬ್ಬಳೇ. ಹೊರಗೆ ಮಾತ್ರ ಇಬ್ಬರಿರಬೇಕು.

"ಈ ಬಣ್ಣ ನಿನಗೆ ಹೊಂದಲ್ಲ ಗಿಣಿ" ಎಂದೆ ಅಕ್ಕನ ಧ್ವನಿಯಲ್ಲಿ.

"ನಿನಗೇನು ಗೊತ್ತು ಬಣ್ಣ?" ಎಂದೆ ನನ್ನದರಲ್ಲಿ.

"ಹಾಕ್ಕೊಂಡು ಹೋಗು, ಟ್ರಾಫಿಕ್ ಎಲ್ಲ ನಿಲ್ಲತ್ತೆ."

"ನಿನ್ನ ಬಟ್ಟೆ ನೋಡಿ ಚಲಿಸೋದನ್ನೇ ಮರೆತಿದಾರೆ ಜನ."

ಅವನು ಹೊರಗಿನಿಂದ, "ಜಗಳ ಆಡ್ಬೇಡ್ರೇ, ಬಟ್ಟೆ ಹರಿದೀತು" ಎಂದ.

"ನೀವು ಸುಮ್ನಿರಿ, ಇದು ಅಕ್ಕ ತಂಗಿ ವಿಷಯ" ಎಂದೆ ಅಕ್ಕನಾಗಿ. ಅಷ್ಟು ಗಟ್ಟಿಯಾಗಿ ಅವಳು ಅವನಿಗೆ ಹೇಳುತ್ತಿರಲಿಲ್ಲ ಎಂದು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಬೆಂಚು ಕಿರುಗುಟ್ಟಿತು. ಎದ್ದು ನಿಂತನೇ? ಕೊನೆಗೆ ನಗು ಸೇರಿಸಿದೆ, ಗಲಗಲ. ಬೆಂಚು ಮತ್ತೆ ಕಿರುಗುಟ್ಟಿತು. ಕೂತ.

ಜಗಳವನ್ನು ಬಣ್ಣದಿಂದ ಗುಂಡಿಗೆ, ಗುಂಡಿಯಿಂದ ಬಾಲ್ಯಕ್ಕೆ ಎಳೆದೆ. ಹೊಲಿಗೆಯಾಕೆ ಬಂದು ಬಾಗಿಲನ್ನು ಬೆರಳಿನಿಂದ ಮುಟ್ಟಿ ಹೋದಳು. ಕಾರು ಹೊರಟಿತೆಂದು ಅರ್ಥ. ಆದರೂ ಇನ್ನಷ್ಟು ಹೊತ್ತು ಜಗಳವಾಡಿದೆ. ಆ ಧ್ವನಿಯನ್ನು ನಿಲ್ಲಿಸುವುದಕ್ಕೆ ಮನಸ್ಸು ಬರಲಿಲ್ಲ.

ಆಮೇಲೆ ಬಟ್ಟೆ ಮಡಚಿ, ಪರದೆ ಸರಿಸಿ ಹೊರಗೆ ಬಂದೆ.

"ಎಲ್ಲಿ ನಿಮ್ಮಕ್ಕ?"

"ಹೋದಳು" ಎಂದೆ.

ಅವನು ನಕ್ಕ. ಪರದೆಯತ್ತ ಬಾಗಿ, "ಸಾಕು ಬಾರೇ ಹೊರಗೆ" ಎಂದ. ಮತ್ತೆ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಅವನಿಗೆ ಬೇಕಾದ್ದು ಸಿಗಲಿಲ್ಲ. ಟವೆಲಿನ ಹೆಂಗಸರು ಬಂದು ನನ್ನ ಎರಡೂ ಪಕ್ಕ ನಿಂತರು.

ಅವನು ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ತಮಾಷೆ ಇರಲಿಲ್ಲ.

ಏಪ್ರಿಲ್ ೨, ಬುಧವಾರ

ಅಕ್ಕ ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ, ಗೊತ್ತಿರಬಾರದು. ಅಮ್ಮನಿಗೆ ಇದನ್ನು ಒಪ್ಪಿಸುವುದೇ ಒಂದು ಯುದ್ಧ. ವೈದ್ಯರು ಕುತ್ತಿಗೆ ನೋಡಿದ್ದಾರೆ, ದೂರು ದಾಖಲಾಗಿದೆ. ನಮ್ಮ ಮನೆಯ ಬೀಗ ಬದಲಾಗಿದೆ. ಕಚೇರಿಗೆ ನಾನು ದಿನಕ್ಕೊಂದು ದಾರಿಯಲ್ಲಿ ಹೋಗುತ್ತೇನೆ.

ಇಂದು ಮಧ್ಯಾಹ್ನ ನಿಧಾನಮ್ಮ ತಮ್ಮ ಫೋನನ್ನು ನನ್ನ ಕೈಗಿಟ್ಟು ಆಚೆ ಹೋದರು.

"ಗಿಣಿ" ಎಂದಳು ಅಕ್ಕ. ಒಂದೇ ಧ್ವನಿ, ಹಿಂದೆ ಯಾರೂ ಇಲ್ಲ. ಊಟ ಮಾಡಿದೆಯಾ, ಅಮ್ಮ ಹೇಗಿದ್ದಾಳೆ ಎಂದೆಲ್ಲ ವಿಚಾರಿಸಿದಳು.

"ನಾನು ಹೋದ್ಮೇಲೆ ಅಲ್ಲಿ ನಾನು ಏನೇನು ಮಾತಾಡಿದೆ?"

"ನೀನು ಜಗಳ ಆಡಿದೆ. ನನ್ನ ಬಟ್ಟೆ ಬಣ್ಣ ಸರಿಯಿಲ್ಲ ಅಂದೆ. ಚಿಕ್ಕವಳಿದ್ದಾಗ ನಾನು ನಿನ್ನ ಗೊಂಬೆ ಕೂದಲು ಕತ್ತರಿಸಿದ್ದನ್ನೂ ತೆಗೆದೆ."

"ನಾನು ಅವನಿಗೇನಾದ್ರೂ ಅಂದೆನಾ?"

"ಸುಮ್ನಿರಿ ಅಂದೆ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು.

"ಜೋರಾಗಿ ಅಂದೆನಾ?" ಎಂದಳು.

"ಅಂಗಡಿಗೆಲ್ಲ ಕೇಳೋ ಹಾಗೆ."

"ಸುಮ್ಮನಾದ್ನಾ?"

"ಸುಮ್ಮನಾದ" ಎಂದೆ.

"ಇನ್ನೊಂದು ಸಲ ಹೇಳು" ಎಂದಳು ಅಕ್ಕ. "ನಿನ್ನ ಧ್ವನಿಯಲ್ಲೇ ಹೇಳು."